ಕೊಡಿಹಬ್ಬದ ರೈಲೂ ಹೆದರುವ ಮಕ್ಕಳೂ

ವೃಶ್ಚಿಕ ಮಾಸದ ಹುಣ್ಣಿಮೆ ಹತ್ತಿರ ಬಂತೆಂದರೆ ಕುಂದಾಪುರದ ಸುತ್ತಮುತ್ತಲ ಮನೆಗಳಲ್ಲಿ ಒಂದೇ ಮಾತು, ಕೋಟೇಶ್ವರದ ಕೊಡಿಹಬ್ಬ. ಅದು ಕೋಟಿಲಿಂಗೇಶ್ವರನ ರಥ ಎಳೆಯುವ ದಿನ. ಕೋಟಿತೀರ್ಥದ ಸುತ್ತ ಅಕ್ಕಿ ಹಾಕುತ್ತ ಬರುವ ಸುತ್ತಕ್ಕಿ ಸೇವೆಗೆ ಬೆಳಗಾಗುವ ಮೊದಲೇ ಜನ ಸೇರುತ್ತಾರೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು, ದೇವರಿಗೆ ಕೈಮುಗಿದು, ಕಬ್ಬಿನ ಕೊಡಿ ಕೊಂಡು ಮನೆಗೆ ಹೋಗಬೇಕೆಂಬುದು ಇಲ್ಲಿಯ ಪದ್ಧತಿ. ನಾಲ್ಕಾರು ವರ್ಷ ಕಳೆದ ಮೇಲೆ ಅದೇ ಜೋಡಿ ಮತ್ತೆ ಬರುತ್ತದೆ. ಆಗ ಹೆಗಲ ಮೇಲೆ ಕಬ್ಬಿನ ಜೊತೆಗೆ ಒಂದು ಮಗುವೂ ಇರುತ್ತದೆ. ಆ ಮಗುವಿಗೆ ರಥವೂ ಬೇಡ, ಕಬ್ಬೂ ಬೇಡ. ಅದರ ಕಣ್ಣೆಲ್ಲ ಪೇಟೆಯ ಬದಿಯ ಗದ್ದೆಯಲ್ಲಿ ದೀಪ ಹೊತ್ತಿಸಿಕೊಂಡು ತಿರುಗುವ ತೊಟ್ಟಿಲ ಮೇಲೆ.

ತೊಟ್ಟಿಲು ಎಂದರೆ ನಮ್ಮ ಕಡೆ ಜಯಂಟ್ ವೀಲ್ ಎಂದೇ ಅರ್ಥ. ಅದರ ಪಕ್ಕದಲ್ಲಿ ಮರದ ಕುದುರೆಗಳ ಸುತ್ತಾಟ, ಅತ್ತಿಂದಿತ್ತ ತೂಗುವ ಕೊಲಂಬಸ್ ದೋಣಿ, ಮತ್ತೆ ಈಚಿನ ವರ್ಷಗಳಲ್ಲಿ ತಪ್ಪದೆ ಬರುವ ಡ್ರ್ಯಾಗನ್ ಮುಖದ ರೈಲು. ಮೊಟ್ಟೆಯಾಕಾರದ ಹಳಿಯ ಮೇಲೆ ಸಣ್ಣ ದಿಬ್ಬ ಹತ್ತಿ, ಧುಡುಮ್ಮನೆ ಇಳಿದು, ನಾಲ್ಕೈದು ಸುತ್ತು ಹೊಡೆದು ನಿಲ್ಲುವ ಈ ರೈಲೇ ನಮ್ಮ ಮಕ್ಕಳು ಮೊಟ್ಟಮೊದಲು ಕಾಣುವ ರೋಲರ್ ಕೋಸ್ಟರ್. ಬೆಂಗಳೂರಿನವರು ನೋಡಿ ನಕ್ಕಾರು. ನಗಲಿ. ನೆಲದಿಂದ ಮೂರಡಿ ಎತ್ತರದ ಮಗುವಿಗೆ ಆ ದಿಬ್ಬ ಕೊಡಚಾದ್ರಿಯಷ್ಟೇ ದೊಡ್ಡದು.

ಈ ರೈಲಿನ ಕಟಕಟೆಯ ಹತ್ತಿರ ಹತ್ತು ನಿಮಿಷ ನಿಂತು ನೋಡಿದ್ದೀರಾ? ಎಂಥ ನಾಟಕಗಳು! ಮಗು ಕಂಬ ತಬ್ಬಿಕೊಂಡು "ನಾನ್ ಬತ್ತಿಲ್ಲೆ" ಎನ್ನುತ್ತದೆ. ಅಪ್ಪ "ಎಂತ ಆತಿಲ್ಲೆ, ಕೂಕೋ" ಎಂದು ರಟ್ಟೆ ಹಿಡಿಯುತ್ತಾನೆ. ಅಜ್ಜಿ ದೂರದಿಂದ "ಬಿಡಿ ಮಾರಾಯ್ರೆ, ಜ್ವರ ಬಂದೀತು" ಎಂದು ಕೂಗುತ್ತಾಳೆ. ಚಿಕ್ಕಪ್ಪನೊಬ್ಬ ಇದ್ದೇ ಇರುತ್ತಾನೆ, "ಗಂಡ್ ಹುಡ್ಗ ಆಯಿ ಹೆದ್ರುದಾ?" ಎಂದು ನಾಲ್ಕು ಜನರ ಮುಂದೆ ಹಂಗಿಸುವವನು. ಟಿಕೇಟಿನ ದುಡ್ಡು ಕೊಟ್ಟಾಗಿದೆ, ಹಿಂದೆ ಸಾಲು ಬೆಳೆದಿದೆ, ಫೋಟೋ ತೆಗೆಯಲು ಮೊಬೈಲ್ ಸಿದ್ಧವಾಗಿದೆ. ಕೊನೆಗೆ ಮಗುವನ್ನು ಎತ್ತಿ ಒಳಗೆ ಕೂರಿಸಿಬಿಡುತ್ತಾರೆ. ರೈಲು ಹೊರಟ ಮೇಲೆ ಇಳಿಯುವ ಹಾಗಿಲ್ಲ.

ಇಳಿದ ಮೇಲೆ ಅಂಥ ಮಗುವಿನ ಮುಖ ನೋಡಿ. ಕೆಲವು ನಗುತ್ತವೆ, ನಿಜ. ಹೆತ್ತವರು ಆ ನಗುವನ್ನೇ ತೋರಿಸಿ "ನೋಡಿ, ಏನಾಯ್ತು?" ಎನ್ನುತ್ತಾರೆ. ಆದರೆ ಕೆಲವು ಮಕ್ಕಳು ಅಳುವುದೂ ಇಲ್ಲ, ನಗುವುದೂ ಇಲ್ಲ. ಅಮ್ಮನ ಕೈ ಬಿಟ್ಟು ಎರಡು ಹೆಜ್ಜೆ ದೂರ ನಿಲ್ಲುತ್ತವೆ. ಆ ಎರಡು ಹೆಜ್ಜೆಯ ಮಾತನ್ನೇ ನಾನು ಇಲ್ಲಿ ಹೇಳಹೊರಟದ್ದು. ಮಗುವಿಗೆ ಗೊತ್ತಾದದ್ದು ರೈಲು ಭಯಂಕರ ಎಂದಲ್ಲ. ತಾನು ಬೇಡ ಎಂದದ್ದು ಅಮ್ಮನ ಕಿವಿಗೆ ಬೀಳಲಿಲ್ಲ ಎಂದು. ಮುಂದೆ ಈಜು ಕಲಿಸುವಾಗ, ದಂತವೈದ್ಯರ ಹತ್ತಿರ ಕರೆದೊಯ್ಯುವಾಗ "ನಾನಿದ್ದೇನೆ, ಹೆದರಬೇಡ" ಎಂದು ನೀವು ಹೇಳಿದರೆ ಅದು ನಂಬಬೇಕಲ್ಲ?

ಹಾಗೆಂದು ಹೆದರಿದ ಮಗುವನ್ನು ಹಾಗೆಯೇ ಮನೆಗೆ ಕರೆದುಕೊಂಡು ಬಂದು, "ಅವಳಿಗೆ ಇದೆಲ್ಲ ಆಗುವುದಿಲ್ಲ" ಎಂದು ಊರಿಗೆಲ್ಲ ಹೇಳುವುದೂ ಸರಿಯಲ್ಲ. ಮಕ್ಕಳು ಆ ಮಾತನ್ನು ಕೇಳಿಸಿಕೊಂಡು ನಿಜ ಮಾಡುತ್ತಾರೆ. ಹೆದರಿಕೆಗೂ ಕುತೂಹಲಕ್ಕೂ ನಡುವೆ ಒಂದು ಜಾಗವಿದೆ. ಕಂಬವನ್ನು ತಬ್ಬಿಕೊಂಡೇ ರೈಲಿನ ಕಡೆ ಓರೆಗಣ್ಣಿನಲ್ಲಿ ನೋಡುತ್ತದಲ್ಲ, ಆ ಮಗು ನಿಂತಿರುವುದು ಅಲ್ಲಿ. ಅದಕ್ಕೆ ಬೇಕಾದದ್ದು ಮೆಟ್ಟಿಲುಗಳು. ನಮ್ಮ ಊರಲ್ಲಿ ಮೆಟ್ಟಿಲುಗಳಿಗೆ ಬರವಿಲ್ಲ.

ಮೊದಲ ಮೆಟ್ಟಿಲು ಮನೆಯಂಗಳದಲ್ಲೇ ಬಿದ್ದಿರುತ್ತದೆ. ಅಡಿಕೆ ಹಾಳೆ. ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ತುದಿ ಹಿಡಿದು ಎಳೆಯುವ ಆಟ ಆಡದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ರೋಲರ್ ಕೋಸ್ಟರಿನ ಪಾಠವೆಲ್ಲ ಅದರಲ್ಲಿದೆ: ಕೈ ಎಲ್ಲಿ ಹಿಡಿಯಬೇಕು, ತಿರುವಿನಲ್ಲಿ ಮೈ ಯಾವ ಕಡೆ ವಾಲುತ್ತದೆ, ಸಾಕು ಎಂದರೆ ಎಳೆಯುವವರು ನಿಲ್ಲಿಸುತ್ತಾರೆಯೇ ಇಲ್ಲವೇ. ಈ ಕೊನೆಯದು ಬಹಳ ಮುಖ್ಯ. ಮಗು "ನಿಲ್ಸಿ" ಎಂದ ತಕ್ಷಣ ನಿಲ್ಲಿಸಿ. ಎರಡು ಸಲ ನಿಲ್ಲಿಸಿ ನೋಡಿ, ಮೂರನೆಯ ಸಲ ಅದೇ "ಇನ್ನೂ ಜೋರು" ಎನ್ನುತ್ತದೆ. ಈಗ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದ್ದೇವೆ, ಹಾಳೆಯೆಲ್ಲ ತಟ್ಟೆ ಮಾಡುವ ಕಾರ್ಖಾನೆಗೆ ಹೋಗುತ್ತದೆ ಎನ್ನುತ್ತೀರಾ? ಒಂದು ಹಾಳೆ ಮಗುವಿಗೆಂದು ಉಳಿಸಿಕೊಳ್ಳಿ.

ಎರಡನೆಯ ಪಾಠ ಯಕ್ಷಗಾನದ್ದು. ಮಂದಾರ್ತಿ ಮೇಳದ ಆಟಕ್ಕೋ ಮಾರಣಕಟ್ಟೆ ಮೇಳದ ಆಟಕ್ಕೋ ಮಗುವನ್ನು ಕರೆದೊಯ್ದವರಿಗೆ ಇದು ಗೊತ್ತು. ಬಣ್ಣದ ವೇಷ ತೆರೆಯ ಹಿಂದೆ ಆರ್ಭಟಿಸಿತೆಂದರೆ ಮಕ್ಕಳೆಲ್ಲ ಅಮ್ಮನ ಸೆರಗಿನೊಳಗೆ. ಆದರೆ ಯಾವ ಮಗುವೂ ಪೂರ್ತಿ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಸೆರಗಿನ ಸಂದಿಯಿಂದ ಇಣುಕುತ್ತದೆ. ಇದಕ್ಕೆ ಹಿಂದಿನ ತಾಯಂದಿರು ಒಂದು ಉಪಾಯ ಮಾಡುತ್ತಿದ್ದರು. ಆಟ ಶುರುವಾಗುವ ಮೊದಲೇ ಮಗುವನ್ನು ಚೌಕಿಗೆ ಕರೆದೊಯ್ದು ತೋರಿಸುತ್ತಿದ್ದರು. ಅಲ್ಲಿ ಒಬ್ಬ ಸಾಧು ಮನುಷ್ಯ ಕನ್ನಡಿ ಹಿಡಿದು ಕೂತು ಮುಖಕ್ಕೆ ಬಣ್ಣ ಬಳಿದು ಚುಟ್ಟಿ ಇಟ್ಟುಕೊಳ್ಳುತ್ತ, ಮಧ್ಯೆ ಚಹಾ ಕುಡಿಯುತ್ತ, ನೋಡುನೋಡುತ್ತಿದ್ದಂತೆ ರಕ್ಕಸನಾಗುತ್ತಾನೆ. ಅದನ್ನು ಕಂಡ ಮಗು ರಂಗಸ್ಥಳದಲ್ಲಿ ಅವನನ್ನು ನೋಡಿ ಹೆದರುತ್ತದೆ, ಆದರೆ ಆ ಹೆದರಿಕೆಯಲ್ಲಿ ಒಂದು ಗುಟ್ಟು ತನಗೆ ಗೊತ್ತೆಂಬ ಖುಷಿಯೂ ಇರುತ್ತದೆ.

ರೈಲಿಗೂ ಒಂದು ಚೌಕಿ ಇದೆ ನೋಡಿ. ಸಂಜೆ ಐದು ಗಂಟೆಗೆ, ಜನ ಸೇರುವ ಮೊದಲು, ಹಬ್ಬದ ಗದ್ದೆಗೆ ಹೋಗಿ. ದೀಪ ಹೊತ್ತಿರುವುದಿಲ್ಲ, ಧ್ವನಿವರ್ಧಕದ ಕಿರಿಚಾಟ ಇರುವುದಿಲ್ಲ. ಡ್ರ್ಯಾಗನ್ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿರುತ್ತದೆ, ಹುಡುಗನೊಬ್ಬ ಚಿಂದಿಬಟ್ಟೆಯಿಂದ ಸೀಟು ಒರೆಸುತ್ತಿರುತ್ತಾನೆ. ಮಗು ಹಲ್ಲು ಮುಟ್ಟಿ ನೋಡಲಿ, ಅದು ಫೈಬರಿನದ್ದು. ಎಷ್ಟೋ ಮಕ್ಕಳಿಗೆ ಹೆದರಿಕೆ ರೈಲಿನ ವೇಗದ್ದಲ್ಲ, ಆ ಗಲಾಟೆಯದು, ಕಣ್ಣು ಕುಕ್ಕುವ ಬಲ್ಬುಗಳದು, ಅಥವಾ ಆ ಮುಖದ್ದೇ. ಯಾವುದೆಂದು ಕೇಳದೆ ನಮಗೆ ತಿಳಿಯುವುದಾದರೂ ಹೇಗೆ?

ನನ್ನ ತಂಗಿಯ ಮನೆ ಬೈಂದೂರಿನಲ್ಲಿ. ಅವಳ ಮಗಳಿಗೆ ಆಗ ಐದು ತುಂಬಿ ಆರು ನಡೆಯುತ್ತಿತ್ತು; ಪುಟ್ಟಿ ಎಂದೇ ಕರೆಯೋಣ. ಕೊಡಿಹಬ್ಬದಲ್ಲಿ ಪುಟ್ಟಿ ಕುದುರೆಯನ್ನೂ ಹತ್ತಲಿಲ್ಲ. ರೈಲನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅದ್ಕೆ ಬ್ರೇಕ್ ಇತ್ತಾ?" ನಮ್ಮ ಕುಂದಾಪ್ರ ಕನ್ನಡದಲ್ಲಿ ಇತ್ತಾ ಎಂದರೆ ಇದೆಯಾ ಎಂದು. ತಂಗಿ ನನ್ನ ಮುಖ ನೋಡಿದಳು. ನಾನು ರೈಲು ನಡೆಸುವವರ ಮುಖ ನೋಡಿದೆ. ಅವರು ಪುಣ್ಯಾತ್ಮರು, ನಗಲಿಲ್ಲ. ಮಗುವನ್ನು ಕರೆದು, ಕರೆಂಟಿನ ಗುಂಡಿ ತೋರಿಸಿ, "ಇದು ಒತ್ತಿದ್ರೆ ಹೋಗ್ತದೆ, ಬಿಟ್ರೆ ನಿಧಾನ ನಿಲ್ತದೆ" ಎಂದರು. ಪುಟ್ಟಿ ಗಂಭೀರವಾಗಿ ತಲೆಯಾಡಿಸಿ, ಕಬ್ಬು ಜಗಿಯುತ್ತ ಮನೆಗೆ ಬಂದಳು. ಅಂದಿಗೆ ಅಷ್ಟೇ.

ನಮ್ಮ ಭಾಗದ ತಾಯಂದಿರಿಗೆ ಒಂದು ಅನುಕೂಲವಿದೆ, ಪೇಟೆಯವರಿಗೆ ಇಲ್ಲದ್ದು. ಅವರು ವರ್ಷಕ್ಕೊಂದು ಸಲ ಪಾರ್ಕಿಗೆ ಸಾವಿರಗಟ್ಟಲೆ ತೆತ್ತು ಹೋಗುತ್ತಾರೆ, ಹಾಗಾಗಿ ಇವತ್ತೇ ಎಲ್ಲವೂ ಆಗಬೇಕು. ನಮಗೆ ಹಾಗಲ್ಲ. ಕೊಡಿಹಬ್ಬ ಮುಗಿಯಿತೋ, ಮಕರ ಸಂಕ್ರಾಂತಿಗೆ ಮಾರಣಕಟ್ಟೆ. ಹೆಮ್ಮಾಡಿಯ ಗದ್ದೆಗಳ ಸೇವಂತಿಗೆಯೆಲ್ಲ ಬ್ರಹ್ಮಲಿಂಗೇಶ್ವರನ ಮುಡಿಗೇರುವ ಹೊತ್ತು. ಅದರ ಬೆನ್ನಿಗೇ ಸಾಲಿಗ್ರಾಮದ ಗುರುನರಸಿಂಹನ ಹಬ್ಬ. ಫೆಬ್ರವರಿಯಲ್ಲಿ ಮಂದಾರ್ತಿ, ಫಾಲ್ಗುಣದಲ್ಲಿ ಕೊಲ್ಲೂರಿನ ರಥೋತ್ಸವ. ಎಲ್ಲ ಕಡೆ ಎಲ್ಲ ಆಟಗಳೂ ಇರುತ್ತವೆಂದಲ್ಲ. ಆದರೆ ಇಂದು ಬೇಡ ಎಂದ ಮಗುವಿಗೆ "ಆಯ್ತು, ಮುಂದಿನ ಹಬ್ಬಕ್ಕೆ ಕಾಂಬ" ಎಂದು ನಿಶ್ಚಿಂತೆಯಿಂದ ಹೇಳಬಹುದು. ಹೇಳಿ ಬಿಟ್ಟುಬಿಡಬೇಕು. ಮಧ್ಯೆ ದಿನಾ ಅದನ್ನೇ ಕೆದಕಬಾರದು.

ಪುಟ್ಟಿಯೂ ಹೀಗೇ ಮೆಟ್ಟಿಲು ಹತ್ತಿದಳು. ಸಾಲಿಗ್ರಾಮದಲ್ಲಿ ಮರದ ಕುದುರೆಯ ಮೇಲೆ ಕೂತಳು, ಅಮ್ಮ ಪಕ್ಕದಲ್ಲಿ ನಿಂತಿರಬೇಕೆಂಬ ಷರತ್ತಿನ ಮೇಲೆ. ಆಮೇಲೆ ರೈಲಿನ ಹತ್ತಿರ ಹೋಗಿ, ಹತ್ತಿದ ಮಕ್ಕಳನ್ನೂ ಇಳಿದ ಮಕ್ಕಳನ್ನೂ ಎಣಿಸಿದಳು. ಹತ್ತಿದಷ್ಟೇ ಮಕ್ಕಳು ಇಳಿಯುತ್ತಾರೆಂದು ಖಾತ್ರಿಯಾಯಿತೋ ಏನೋ! ಕೊಲ್ಲೂರಿಗೋ ಭಟ್ಕಳಕ್ಕೋ ಹೋಗುವಾಗ ತಂಗಿಯ ಗಂಡ ಒಂದು ಆಟ ಹೂಡಿದರು. ಒತ್ತಿನೆಣೆಯ ಇಳಿಜಾರಿನಲ್ಲಿ, ಘಟ್ಟದ ರಸ್ತೆಯ ಉಬ್ಬುತಗ್ಗುಗಳಲ್ಲಿ, "ಈಗ ಹೊಟ್ಟೆಯಲ್ಲಿ ಕಚಗುಳಿ ಬರ್ತದೆ ನೋಡು" ಎಂದು ಮೊದಲೇ ಹೇಳುವುದು. ಬರುತ್ತದೆಂದು ಗೊತ್ತಿದ್ದ ಕಚಗುಳಿ ಹೆದರಿಸುವುದಿಲ್ಲ. ಬಾರದಿದ್ದರೆ ಪುಟ್ಟಿಗೇ ಬೇಜಾರು.

ಆ ಕಚಗುಳಿ ಏಕೆ ಬರುತ್ತದೆಂದು ಮಗು ಕೇಳಿದರೆ ಏನು ಹೇಳುತ್ತೀರಿ? ಸುಲಭವಾಗಿಯೇ ಹೇಳಬಹುದು. ನಾವು ಕೂತಿರುವಾಗ ಸೀಟು ನಮ್ಮನ್ನು ಕೆಳಗಿನಿಂದ ಒತ್ತಿ ಹಿಡಿದಿರುತ್ತದೆ. ಹೊಟ್ಟೆಯೊಳಗಿನ ಅಂಗಗಳೂ ಒಂದರ ಮೇಲೊಂದು ಭಾರ ಹಾಕಿ ಕೂತಿರುತ್ತವೆ. ರೈಲು ಥಟ್ಟನೆ ಕೆಳಗಿಳಿದಾಗ ಸೀಟೂ ನಾವೂ ಒಟ್ಟಿಗೇ ಬೀಳುತ್ತೇವೆ, ಆ ಒತ್ತಡ ಕ್ಷಣಕಾಲ ಇಲ್ಲವಾಗುತ್ತದೆ. ಹೊಟ್ಟೆ ಮೇಲೆ ಬಂದ ಹಾಗನ್ನಿಸುವುದು ಅದಕ್ಕೇ. ಇನ್ನು ತಲೆಸುತ್ತು, ವಾಂತಿ ಬೇರೆ ಮಾತು. ಕಿವಿಯ ಒಳಭಾಗದಲ್ಲಿ ಮೂರು ಪುಟ್ಟ ಬಾಗಿದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ಅದರ ಅಲುಗಾಟದಿಂದ ಮೈ ತಿರುಗುತ್ತಿದೆ ಎಂದು ಮೆದುಳಿಗೆ ತಿಳಿಯುತ್ತದೆ. ಕಿವಿ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದರೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಕಣ್ಣು ಮುಚ್ಚಿಕೋ ಎಂದು ಮಗುವಿಗೆ ಹೇಳಬೇಡಿ. ಮುಂದೆ, ದೂರಕ್ಕೆ ನೋಡು ಎನ್ನಿ. ಉಸಿರು ಬಿಗಿಹಿಡಿಯುವ ಬದಲು ಜೋರಾಗಿ "ಓ" ಎಂದು ಕೂಗಲಿ. ಕೂಗಿದರೆ ಉಸಿರು ತಾನಾಗಿ ಹೊರಬರುತ್ತದೆ.

ತಿನ್ನಿಸುವ ವಿಚಾರದಲ್ಲಿ ನಾವು ಹೆಂಗಸರು ಸ್ವಲ್ಪ ಕೈ ಬಿಗಿ ಹಿಡಿಯಬೇಕು. ಗೋಳಿಬಜೆ, ಮೇಲೆ ಐಸ್‌ಕ್ರೀಮು, ಅದರ ಮೇಲೆ ಕಬ್ಬಿನ ಹಾಲು ಕುಡಿಸಿ ತೊಟ್ಟಿಲು ಹತ್ತಿಸಿದರೆ ಮಗುವಿನದೇನು ತಪ್ಪು? ಪೂರ್ತಿ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಒಂದು ಒಂದೂವರೆ ತಾಸು ಮೊದಲು ಎರಡು ಇಡ್ಲಿಯೋ ಹಿಡಿ ಅವಲಕ್ಕಿಯೋ ಸಾಕು. ಸುತ್ತಾಟವೆಲ್ಲ ಮುಗಿದ ಮೇಲೆ ಪುನರ್ಪುಳಿ ಶರಬತ್ತು ಕುಡಿಯಲಿ, ಬಜೆಯೂ ತಿನ್ನಲಿ.

ಮಂದಾರ್ತಿಯಲ್ಲಿ ಪುಟ್ಟಿ ರೈಲು ಹತ್ತಿದಳು. ಯಾರೂ ಹೇಳಿರಲಿಲ್ಲ. ದರ್ಶನ ಮುಗಿಸಿ ಹೊರಗೆ ಬಂದಾಗ ತಾನಾಗಿ ಅಮ್ಮನ ಕೈ ಎಳೆದು, "ಕೂಕಂಬ" ಎಂದಳು. ತಂಗಿ ಅವಳನ್ನು ನಡುವಣ ಡಬ್ಬಿಯಲ್ಲಿ ಕೂರಿಸಿಕೊಂಡಳು. ಇದು ನೀವೂ ನೆನಪಿಡಬೇಕಾದ ಸಂಗತಿ. ಎಲ್ಲರಿಗೂ ಮುಂದಿನ ಡಬ್ಬಿಯ ಮೇಲೆಯೇ ಆಸೆ. ಆದರೆ ಅಲ್ಲಿ ಇಳಿಜಾರು ನೇರ ಕಣ್ಣೆದುರಿಗೇ ಬರುತ್ತದೆ. ಕೊನೆಯ ಡಬ್ಬಿಯನ್ನು ಮುಂದಿನವು ದಿಬ್ಬದಾಚೆಗೆ ಎಳೆದುಕೊಂಡು ಹೋಗುವುದರಿಂದ ಅದು ಹೆಚ್ಚು ಎಗರುತ್ತದೆ. ನಡುವಿನದೇ ಸೌಮ್ಯ. ಸುತ್ತು ಹೊಡೆಯುವ ಆಟಗಳಲ್ಲಿ ಮೈ ಹೊರಬದಿಗೆ ಒತ್ತರಿಸುತ್ತದೆಯಲ್ಲವೆ? ಹಾಗಾಗಿ ದೊಡ್ಡವರು ಹೊರಬದಿಗೆ, ಮಗು ಒಳಬದಿಗೆ ಕೂರಬೇಕು. ತಿರುಗುಮುರುಗಾದರೆ ಅಮ್ಮನ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಮೊದಲ ಸುತ್ತಿನಲ್ಲಿ ಪುಟ್ಟಿಯ ಬಾಯಿ ಮುಚ್ಚಿತ್ತು. ಎರಡನೆಯದರಲ್ಲಿ ತೆರೆಯಿತು. ಮೂರನೆಯದರಲ್ಲಿ ಅಮ್ಮನಿಗೆ ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಇಳಿದ ಮೇಲೆ ಮೊದಲು ಹೇಳಿದ್ದು "ಡ್ರ್ಯಾಗನ್‌ಗೆ ಒಂದ್ ಕಣ್ಣಲ್ ಬಲ್ಬ್ ಇಲ್ಲೆ." ಇನ್ನೊಮ್ಮೆ ಹತ್ತುತ್ತೀಯಾ ಎಂದರೆ ಬೇಡ ಎಂದಳು. ಒಂದು ಸಲಕ್ಕೆ ಸಾಕೆನ್ನುವ ಮಕ್ಕಳೂ ಇರುತ್ತಾರೆ. ಅದೂ ಸರಿಯೇ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಕಟುವಾಗಿಯೇ ಹೇಳಬೇಕು. ಮಗುವಿನ ಹೆದರಿಕೆಯನ್ನು ಗೌರವಿಸಿ ಎಂದೆನಲ್ಲ, ಕೆಲವು ಸಲ ಹೆದರಿಕೆ ಮಗುವಿಗಲ್ಲ, ನಮಗೆ ಇರಬೇಕು. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ತೂಗಾಡುವ ಆಟವೊಂದು ಮುರಿದುಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. 2025ರ ಏಪ್ರಿಲ್‌ನಲ್ಲಿ ದೆಹಲಿಯ ಪಾರ್ಕೊಂದರ ರೋಲರ್ ಕೋಸ್ಟರಿನಿಂದ ಬಿದ್ದು ಯುವತಿಯೊಬ್ಬಳು ತೀರಿಕೊಂಡಳು. ಇವು ಅಪರೂಪದ ಘಟನೆಗಳೇ. ಆದರೂ ಊರಿಂದೂರಿಗೆ ಬಿಚ್ಚಿ ಕಟ್ಟುವ ಹಬ್ಬದ ಆಟಗಳು, ಅದೂ ನಮ್ಮ ಕಡಲ ಗಾಳಿಗೆ. ಇಲ್ಲಿ ಗೇಟಿನ ಕೊಂಡಿಯೇ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಹತ್ತಿಸುವ ಮೊದಲು ಒಂದು ಸುತ್ತು ಪೂರ್ತಿ ನಿಂತು ನೋಡಿ. ಅಡಿಪಾಯದ ಮರದ ದಿಮ್ಮಿಗಳು ಅಲುಗುತ್ತಿವೆಯೇ, ನೆಲ ಹಸಿಯೇ, ಸೀಟಿನ ಅಡ್ಡಪಟ್ಟಿಯನ್ನು ನಡೆಸುವವನು ಪ್ರತಿಯೊಬ್ಬರದನ್ನೂ ಎಳೆದು ನೋಡುತ್ತಾನೆಯೇ ಅಥವಾ ಮೊಬೈಲಿನಲ್ಲಿ ಮಾತಾಡುತ್ತಲೇ ಗುಂಡಿ ಒತ್ತುತ್ತಾನೆಯೇ. ಮನಸ್ಸು ಒಪ್ಪದಿದ್ದರೆ ಮಗು ಎಷ್ಟೇ ಹಟ ಮಾಡಲಿ, ಬೇಡ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮ ಹೆಂಗಸರ ಪ್ರೀತಿಯ ಅಭ್ಯಾಸ. ಬಸ್ಸಿನಲ್ಲಿ ಸರಿ, ರೈಲಾಟದಲ್ಲಿ ಕೂಡದು. ಅಡ್ಡಪಟ್ಟಿ ಸರಿಯಾಗಿ ಬಿಗಿಯುವುದೇ ಇಲ್ಲ. ಎಗರಿದಾಗ ಮಗುವನ್ನು ಹಿಡಿದುಕೊಳ್ಳುವುದು ನಮ್ಮ ಕೈ ಮಾತ್ರ, ಕೈಗೆ ಅಷ್ಟು ಬಲವಿಲ್ಲ. ಜಡೆ, ದುಪಟ್ಟಾ, ಸೆರಗು ಎಲ್ಲವನ್ನೂ ಬಿಗಿಯಾಗಿ ಸುತ್ತಿ ಕಟ್ಟಿಕೊಳ್ಳಿ. ಹಬ್ಬವೆಂದು ಮಂಗಳೂರು ಮಲ್ಲಿಗೆಯ ಉದ್ದ ದಂಡೆ ಮುಡಿದಿದ್ದರೆ ಅದನ್ನೂ ತೆಗೆದು ಚೀಲದಲ್ಲಿಡಿ. ಇನ್ನು, ಹೆದರುವ ಮಗುವಿಗಿಂತ ಹೆದರದ ಮಗುವಿನ ಮೇಲೆ ಎರಡು ಕಣ್ಣು ಹೆಚ್ಚಿಗಿರಲಿ. ರೈಲು ಓಡುವಾಗ ಎದ್ದು ನಿಲ್ಲುವುದು ಆ ಪೈಕಿಯವರೇ.

ಹಬ್ಬದ ರೈಲಿನಿಂದ ನಿಜವಾದ ರೋಲರ್ ಕೋಸ್ಟರಿಗೆ ಹಾರುವ ಕಾಲ ಬೇಸಗೆ ರಜೆಯಲ್ಲಿ ಬರುತ್ತದೆ. ನಮ್ಮ ಭಾಗದಲ್ಲಿ ಬೆಂಗಳೂರಿನಲ್ಲಿ ಹೋಟೆಲೋ ಬೇಕರಿಯೋ ಇಟ್ಟಿರುವ ನೆಂಟರಿಲ್ಲದ ಮನೆ ಯಾವುದಿದೆ ಹೇಳಿ? ಹಿಂದೆ ಮುಂಬಯಿಗೆ ಹೋಗುತ್ತಿದ್ದವರು 1989ರಲ್ಲಿ ಶುರುವಾದ ಎಸ್ಸೆಲ್‌ವರ್ಲ್ಡಿನ ಕತೆಗಳನ್ನು ಹೊತ್ತು ತರುತ್ತಿದ್ದರು; ಅದು 2022ರಲ್ಲಿ ಮುಚ್ಚಿತು. ಈಗ ಮಕ್ಕಳ ಬಾಯಲ್ಲಿ ಬಿಡದಿಯ ಹತ್ತಿರದ ವಂಡರ್‌ಲಾ, 2005ರಲ್ಲಿ ತೆರೆದದ್ದು. ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ನಮ್ಮ ಐದು ಹೊಳೆಗಳ ಹೆಸರು ಹೊತ್ತ ರೈಲು ಅದು: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ಈ ಪ್ರಯಾಣವೇ ಮಗುವಿಗೆ ಅರ್ಧ ಸಾಹಸ. ರಾತ್ರಿಯಿಡೀ ನಿದ್ದೆಗೆಟ್ಟ ಮಗುವನ್ನು ಸ್ಟೇಷನ್ನಿನಿಂದ ನೇರ ಪಾರ್ಕಿಗೆ ಎಳೆದೊಯ್ಯಬೇಡಿ. ಒಂದು ದಿನ ಸುಧಾರಿಸಿಕೊಳ್ಳಲಿ.

ಹೋಗುವ ಮೊದಲು ದೊಡ್ಡ ರೈಲಿನ ಗುಟ್ಟುಗಳನ್ನು ಮಗುವಿಗೆ ಹೇಳಿ, ಚೌಕಿಯಲ್ಲಿ ತೋರಿಸಿದ ಹಾಗೆ. ಹಬ್ಬದ ರೈಲಿಗೆ ಮೋಟಾರು ಇದೆ. ದೊಡ್ಡದಕ್ಕೆ ಸಾಮಾನ್ಯವಾಗಿ ಓಡುವಾಗ ಇಂಜಿನ್ನೇ ಇರುವುದಿಲ್ಲ! ಸರಪಳಿಯೊಂದು ಅದನ್ನು ಎತ್ತರಕ್ಕೆ ಎಳೆದೊಯ್ದು ಬಿಟ್ಟುಬಿಡುತ್ತದೆ, ಮುಂದೆಲ್ಲ ಇಳಿಜಾರಿನ ಬಲದ್ದೇ ಓಟ. ಹತ್ತುವಾಗ ಕೇಳುವ ಟಕ್ ಟಕ್ ಸದ್ದೇ ಎಷ್ಟೋ ಮಕ್ಕಳನ್ನು ಹೆದರಿಸುವುದು. ಅದು ಕಾಯುವ ಸದ್ದು ಎಂದು ತಿಳಿಸಿ. ರಥ ಹಿಂದೆ ಸರಿಯದಂತೆ ಗಾಲಿಗೆ ಮರದ ತುಂಡು ಕೊಡುತ್ತಾರಲ್ಲ, ಹಾಗೆ ಒಂದು ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಬೀಳುತ್ತ ಹೋಗುತ್ತದೆ. ಸರಪಳಿ ಕಡಿದರೂ ರೈಲು ಹಿಂದೆ ಜಾರದು. ಗಾಲಿಗಳೂ ಹಳಿಯ ಮೇಲೆ, ಬದಿಗೆ, ಅಡಿಗೆ, ಮೂರೂ ಕಡೆ ಇದ್ದು ಹಳಿಯನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿದಿರುತ್ತವೆ.

ಮಕ್ಕಳಿಗೆ ಹಿಡಿಸುವ ಕತೆ ಇನ್ನೊಂದಿದೆ. ಅಮೆರಿಕದಲ್ಲಿ ಈ ಆಟ ಜನಪ್ರಿಯವಾದದ್ದು 1884ರಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಕಟ್ಟಿದ ರೈಲಿನಿಂದ. ಟಿಕೇಟು ಐದು ಸೆಂಟು. ವೇಗ ಗಂಟೆಗೆ ಹತ್ತು ಕಿಲೋಮೀಟರಿನಷ್ಟು, ಅಂದರೆ ಹಾಲು ತರುವವನ ಸೈಕಲ್ಲು ಅದನ್ನು ಹಿಂದೆ ಹಾಕೀತು. ಜನ ಬೆಂಚಿನ ಮೇಲೆ ಪಕ್ಕಕ್ಕೆ ಮುಖಮಾಡಿ ಕೂತು ಸಮುದ್ರ ನೋಡುತ್ತ ಹೋಗುತ್ತಿದ್ದರಂತೆ. ನನಗಂತೂ ಆ ರೈಲು ಮರವಂತೆಯಲ್ಲಿ ಇದ್ದಿದ್ದರೆ ಎನ್ನಿಸುತ್ತದೆ, ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕೆ. ಆ ವಯಸ್ಸಿನ ದೊಡ್ಡವರೇ ಹತ್ತು ಕಿಲೋಮೀಟರಿನಿಂದ ಶುರುಮಾಡಿದರೆ ಐದು ವರ್ಷದ ಮಗು ಸೈಕಲ್ಲಿನ ವೇಗದಿಂದ ಶುರುಮಾಡುವುದರಲ್ಲಿ ನಾಚಿಕೆಯೇನು?

ಪಾರ್ಕಿನಲ್ಲಿ ಮೊದಲು ಮಕ್ಕಳ ವಿಭಾಗಕ್ಕೆ ಹೋಗಿ, ಅಲ್ಲೇ ಮಧ್ಯಾಹ್ನದವರೆಗೆ ಇರಿ. ಮುಂದಕ್ಕೆ ಸುತ್ತಿದ್ದನ್ನೇ ಹಿಂದಕ್ಕೂ ಸುತ್ತುವ ರಿಕಾಯಿಲ್‌ನಂಥದ್ದರ ಹತ್ತಿರ ಮೊದಲ ದಿನ ಸುಳಿಯುವುದು ಬೇಡ. ಕಾಲೇಜು ಹುಡುಗರ ಚೀರಾಟ ಕೇಳಿಯೇ ಮಗು ಎಲ್ಲವನ್ನೂ ಬೇಡವೆಂದೀತು. ಎತ್ತರದ ಅಳತೆ ಹಾಕಿರುತ್ತಾರೆ, ದೊಡ್ಡ ರೈಲುಗಳಿಗೆ ಸಾಮಾನ್ಯವಾಗಿ 120ರಿಂದ 140 ಸೆಂ.ಮೀ. "ನಮ್ಮದು ಬರೀ ಎರಡು ಇಂಚು ಕಮ್ಮಿ, ಬಿಡಿ" ಎಂದು ಕಾವಲಿನವರ ಹತ್ತಿರ ವಾದ ಮಾಡುವ ತಂದೆತಾಯಿಗಳನ್ನು ನಾನು ಕಂಡಿದ್ದೇನೆ. ಆ ಗೆರೆ ಧೈರ್ಯ ಅಳೆಯುವುದಲ್ಲ. ಪಟ್ಟಿ ಮೈಗೆ ಸರಿಯಾಗಿ ಕೂರುತ್ತದೆಯೇ, ಎಳೆಯ ಕತ್ತು ಆ ಕುಲುಕಾಟ ತಡೆಯುತ್ತದೆಯೇ ಎಂಬ ಲೆಕ್ಕ ಅದು. ಎತ್ತರ ಸಾಲದ ಧೈರ್ಯವಂತ ಮಗುವಿಗೆ ಆ ದಿನ ಬೇಸರವಾಗುತ್ತದೆ. ಆಗಲಿ, ಒಂದು ಬೊಂಬಾಯಿ ಮಿಠಾಯಿಯಲ್ಲಿ ಹೋಗುವ ಬೇಸರ. ಹೆದರುವ ಮಗುವಿಗಾದರೋ ಆ ಗೆರೆ ಉಪಕಾರವನ್ನೇ ಮಾಡುತ್ತದೆ. "ಇನ್ನೂ ಎತ್ತರ ಆಗಿಲ್ಲ" ಎಂದರೆ ಮುಗಿಯಿತು, ಯಾರೂ ಹಂಗಿಸುವ ಹಾಗಿಲ್ಲ.

ತಂಗಿಯ ಮನೆಯ ಅಡಿಗೆಕೋಣೆಯ ಬಾಗಿಲ ದಾರಂದದ ಮೇಲೆ ಈಗ ಪೆನ್ಸಿಲಿನ ಗೆರೆಗಳಿವೆ. ಕೆಳಗಿನದು ಕೊಡಿಹಬ್ಬದ್ದು, ಅದರ ಮೇಲಿನದು ಮಂದಾರ್ತಿಯದು, ಆಮೇಲೆ ಬೆಂಗಳೂರಿಗೆ ಹೋದಾಗಿನದು. ಮೊನ್ನೆ ಹೋದಾಗ ನೋಡಿದೆ, ಎಲ್ಲಕ್ಕಿಂತ ಮೇಲಿನ ಗೆರೆ 118ರಲ್ಲಿತ್ತು. ಅದಕ್ಕೂ ಎರಡು ಬೆರಳು ಮೇಲೆ, 120ರಲ್ಲಿ, ಬಣ್ಣದ ಪೆನ್ಸಿಲಿನಲ್ಲಿ ಪುಟ್ಟಿಯೇ ಒಂದು ಡ್ರ್ಯಾಗನ್ ಬರೆದಿದ್ದಾಳೆ. ಎರಡೂ ಕಣ್ಣಿಗೆ ಬಲ್ಬ್ ಹಾಕಿದ್ದಾಳೆ.